ಕೂಡಿದ ಎಲುಬು, ಸೊಟ್ಟ ಮೊಣಕೈ: ಕಲ್ಯಾಣ ಸೀಮೆಯ ಎಲುಬು ಕಟ್ಟುವ ಪರಂಪರೆ ಮತ್ತು ಮಕ್ಕಳ ಶಸ್ತ್ರಚಿಕಿತ್ಸೆಯ ಚರಿತ್ರೆ

ಪೀಠಿಕೆ

ಬೀದರ ಜಿಲ್ಲೆಯ ಹುಮನಾಬಾದ ತಾಲೂಕಿಗೆ ಸೇರಿದ ಹುಡಗಿ ಗ್ರಾಮವು ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು ನುಡಿಗಳು ನಿತ್ಯವ್ಯವಹಾರದಲ್ಲಿ ಬೆರೆಯುವ ಸೀಮೆಯಲ್ಲಿದೆ. ಒಂದು ಕಾಲಕ್ಕೆ ಚಾಳುಕ್ಯರ ರಾಜಧಾನಿಯೂ ಶರಣರ ಕರ್ಮಭೂಮಿಯೂ ಆಗಿದ್ದ ಬಸವಕಲ್ಯಾಣ ಇದೇ ಸೀಮೆಗೆ ಸೇರಿದ್ದು. ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಸಾಗುವ ಹೆದ್ದಾರಿ ಹುಮನಾಬಾದನ್ನು ಹಾದುಹೋಗುತ್ತದೆ. ಇಂತಹ ಸೀಮೆಯಲ್ಲಿ ಮುರಿದ ಎಲುಬನ್ನು ಕೂಡಿಸುವವನಿಗೂ ಒಂದಕ್ಕಿಂತ ಹೆಚ್ಚು ಹೆಸರುಗಳಿರುವುದು ಸಹಜ. ಕನ್ನಡದಲ್ಲಿ ಅವನು ಎಲುಬು ಕಟ್ಟುವವನು, ಮರಾಠಿಯಲ್ಲಿ ಹಾಡವೈದ್ಯ. ಹೈದರಾಬಾದು ಸಂಸ್ಥಾನದ ಉರ್ದು ವ್ಯವಹಾರದಲ್ಲಿ ಗಾಯ, ಕುರು, ಮುರಿತಗಳನ್ನು ನೋಡುತ್ತಿದ್ದವನಿಗೆ ಜರ್ರಾಹ ಎಂಬ ಹೆಸರಿತ್ತು.

ಶ್ರಾವಣದ ಪಂಚಮಿಯ ಜೋಕಾಲಿ, ಹುಣಸೆಯ ಮರ, ಚಕ್ಕಡಿ, ಮನೆಯ ಮಾಳಿಗೆ ಇವುಗಳಿಂದ ಬೀಳುವ ಮಗು ತನ್ನನ್ನು ತಾನು ತಡೆದುಕೊಳ್ಳಲು ಕೈಯನ್ನು ಮುಂದೆ ಚಾಚುತ್ತದೆ. ಬಿದ್ದ ಭಾರವೆಲ್ಲ ಅಂಗೈಯಿಂದ ಮೇಲೇರಿ ಮೊಣಕೈಗೆ ತಾಗುತ್ತದೆ. ಆಗ ತೋಳಿನ ಎಲುಬು ಮೊಣಕೈ ಕೀಲಿನ ತುಸು ಮೇಲೆ, ತೆಳುವಾಗಿ ಚಪ್ಪಟೆಯಾಗಿರುವ ಸ್ಥಳದಲ್ಲಿ ಮುರಿಯುತ್ತದೆ. ವೈದ್ಯವಿಜ್ಞಾನ ಇದನ್ನು ಸುಪ್ರಾಕಾಂಡೈಲರ್ ಮುರಿತವೆಂದು ಕರೆಯುತ್ತದೆ. ಮಕ್ಕಳ ಮೊಣಕೈ ಮುರಿತಗಳಲ್ಲಿ ಇದೇ ಅತ್ಯಂತ ಸಾಮಾನ್ಯವಾದುದು. 5ರಿಂದ 7 ವರ್ಷ ವಯಸ್ಸಿನಲ್ಲಿ ಹೆಚ್ಚಾಗಿ ಸಂಭವಿಸುತ್ತದೆ. ಈ ಎಲುಬು ಕೂಡದೆ ಉಳಿಯುವುದು ತೀರ ಅಪರೂಪ. ಆದರೆ ನೆಟ್ಟಗೆ ಕೂಡುವುದೇ ಎಂಬುದು ಬೇರೆ ಪ್ರಶ್ನೆ. ಈ ಎರಡು ಪ್ರಶ್ನೆಗಳ ನಡುವಣ ಅಂತರವನ್ನು ಶಾಸ್ತ್ರಗ್ರಂಥ, ಜನಪದ ವೈದ್ಯ ಮತ್ತು ಆಧುನಿಕ ಶಸ್ತ್ರಚಿಕಿತ್ಸೆ ಹೇಗೆ ಅರಿತಿವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಲ್ಯಾಣದ ವೈದ್ಯ ಹಿನ್ನೆಲೆ

ಕಲ್ಯಾಣವು ರಾಜಕೀಯ ಮತ್ತು ಧಾರ್ಮಿಕ ಚರಿತ್ರೆಯ ಕೇಂದ್ರವಾಗಿ ಪ್ರಸಿದ್ಧವಾದಷ್ಟು ವೈದ್ಯ ಚರಿತ್ರೆಯ ನೆಲೆಯಾಗಿ ಚರ್ಚೆಗೆ ಬಂದಿಲ್ಲ. ಚಾಳುಕ್ಯ ರಾಜವಂಶಕ್ಕೆ ಸೇರಿದ ಕೀರ್ತಿವರ್ಮನ ‘ಗೋವೈದ್ಯ’ ಕನ್ನಡದಲ್ಲಿ ದನಕರುಗಳ ಚಿಕಿತ್ಸೆಯನ್ನು ಕುರಿತ ಮೊದಲ ಕೃತಿ. 12ನೆಯ ಶತಮಾನದ ಜಗದ್ದಳ ಸೋಮನಾಥ ಪೂಜ್ಯಪಾದರ ಸಂಸ್ಕೃತ ವೈದ್ಯಗ್ರಂಥವನ್ನು ಆಧರಿಸಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸಿದನು. ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಚಿಕಿತ್ಸೆಯ ವಿಚಾರಗಳಿವೆ, ಮಲ್ಲರ ಆಹಾರ, ಸಾಧನೆ, ಕಾಳಗಗಳ ವಿವರವಾದ ವರ್ಣನೆಯೂ ಇದೆ. ಕಲ್ಯಾಣದ ಶರಣ ಸಮೂಹದಲ್ಲಿ ವೈದ್ಯ ಕಾಯಕದ ಸಂಗಣ್ಣನಿದ್ದನು. ರೋಗ ಮತ್ತು ಔಷಧಗಳ ಪರಿಭಾಷೆಯನ್ನು ಅವನ ವಚನಗಳು ಆಧ್ಯಾತ್ಮಿಕ ಅರ್ಥದಲ್ಲಿ ಬಳಸಿಕೊಂಡಿವೆ. ಬಿಜ್ಜಳನ ಆಳ್ವಿಕೆಗೆ ಸೇರಿದ, 1162ರ ಬಳ್ಳಿಗಾವೆಯ ಕೋಡಿಯ ಮಠದ ಶಾಸನವು ಆ ಮಠವನ್ನು ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ದೊರೆಯುವ ಸ್ಥಾನವೆಂದು ಬಣ್ಣಿಸುತ್ತದೆ.

ಈ ಆಧಾರಗಳಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ವೈದ್ಯವು ಅರಮನೆಯ ಗ್ರಂಥವಿದ್ಯೆಯಾಗಿಯೂ ಬೀದಿಯ ಕಾಯಕವಾಗಿಯೂ ಒಂದೇ ಕಾಲದಲ್ಲಿ ಜೀವಂತವಾಗಿತ್ತು. ಎರಡನೆಯದಾಗಿ, ಗೋವುಗಳ ಚಿಕಿತ್ಸೆ ಮತ್ತು ಮಲ್ಲವಿದ್ಯೆ ಎರಡೂ ಬರಹದಲ್ಲಿ ದಾಖಲಾಗುವಷ್ಟು ಮನ್ನಣೆ ಪಡೆದಿದ್ದವು. ಎಲುಬು ಕಟ್ಟುವ ಜನಪದ ವಿದ್ಯೆಗೆ ಇತ್ತೀಚಿನ ಕಾಲದವರೆಗೂ ಆಶ್ರಯ ನೀಡಿದ ಎರಡು ಸ್ಥಳಗಳು ದನದ ಕೊಟ್ಟಿಗೆ ಮತ್ತು ಗರಡಿಯ ಅಖಾಡ ಎಂಬುದನ್ನು ನೆನೆದರೆ ಇದರ ಮಹತ್ವ ಅರಿವಾಗುತ್ತದೆ.

ಸುಶ್ರುತ ಹೇಳಿದ್ದು

ಭಾರತೀಯ ಪರಂಪರೆಯಲ್ಲಿ ಮುರಿತದ ಚಿಕಿತ್ಸೆಗೆ ಮೂಲ ಆಕರ ‘ಸುಶ್ರುತ ಸಂಹಿತೆ’. ಅದರ ನಿದಾನಸ್ಥಾನವು ಕೀಲು ತಪ್ಪುವುದನ್ನು 6 ಬಗೆಯಾಗಿಯೂ ಎಲುಬು ಮುರಿಯುವುದನ್ನು 12 ಬಗೆಯಾಗಿಯೂ ವಿಂಗಡಿಸುತ್ತದೆ. ಆ 12ರಲ್ಲಿ ‘ವಕ್ರ’ವೂ ಒಂದು: ಎಲುಬು ಎರಡು ತುಂಡಾಗದೆ ಬಾಗಿ ನಿಲ್ಲುವ ಸ್ಥಿತಿ. ಎಳೆಯ ಎಲುಬುಗಳು ಬಾಗುತ್ತವೆ, ಕೊಳವೆಯಾಕಾರದ ಎಲುಬುಗಳು ಮುರಿಯುತ್ತವೆ ಎಂಬ ವಿವೇಚನೆಯೂ ಅಲ್ಲಿದೆ.

ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯದಲ್ಲಿ ಕಟ್ಟಿನ ವಿಧಿ ಬರುತ್ತದೆ. ಅತ್ತಿ, ಅರಳಿ, ಆಲ, ಮುತ್ತುಗ, ಮತ್ತಿ ಮೊದಲಾದ ಮರಗಳ ತೊಗಟೆ ಹಾಗೂ ಬಿದಿರನ್ನು ದಬ್ಬೆಗಾಗಿ ಹೇಳಲಾಗಿದೆ. ಚಳಿಗಾಲದಲ್ಲಿ 7 ದಿನಕ್ಕೊಮ್ಮೆ, ಸಮಶೀತೋಷ್ಣದಲ್ಲಿ 5 ದಿನಕ್ಕೊಮ್ಮೆ, ಬೇಸಿಗೆಯಲ್ಲಿ 3 ದಿನಕ್ಕೊಮ್ಮೆ ಕಟ್ಟನ್ನು ಬಿಚ್ಚಿ ಕಟ್ಟಬೇಕು. ಕಟ್ಟು ಸಡಿಲವಾದರೆ ಎಲುಬು ನಿಲ್ಲದು. ಬಿಗಿಯಾದರೆ ಊತ, ನೋವು, ಕೀವು ಉಂಟಾಗುತ್ತವೆ. ಆದ್ದರಿಂದ ಎರಡೂ ಅಲ್ಲದ ಹದ ಬೇಕು. ಎಳೆಯ ವಯಸ್ಸಿನಲ್ಲಿ ಒಂದು ತಿಂಗಳಿಗೆ, ನಡುವಯಸ್ಸಿನಲ್ಲಿ ಅದರ ಎರಡರಷ್ಟು, ಮುಪ್ಪಿನಲ್ಲಿ ಮೂರರಷ್ಟು ಕಾಲಕ್ಕೆ ಎಲುಬು ಗಟ್ಟಿಯಾಗುತ್ತದೆ.

ಇದೇ ಅಧ್ಯಾಯದಲ್ಲಿ ಬರುವ ಮತ್ತೊಂದು ವಿಧಿ ಪ್ರಸ್ತುತ ವಿಷಯಕ್ಕೆ ಹೆಚ್ಚು ಮುಖ್ಯವಾದುದು. ಮುರಿದ ಎಲುಬು ಏರುಪೇರಾಗಿ, ಉಬ್ಬಿ ಕೂಡಿಕೊಂಡಿದ್ದರೆ ಅದನ್ನು ಮತ್ತೆ ಮುರಿದು, ಸಮಗೊಳಿಸಿ, ಹೊಸ ಮುರಿತವೆಂಬಂತೆಯೇ ಚಿಕಿತ್ಸೆ ನೀಡಬೇಕೆಂದು ಸುಶ್ರುತ ವಿಧಿಸುತ್ತಾನೆ. ಅಂದರೆ ಕೂಡುವುದೇ ಚಿಕಿತ್ಸೆಯ ಕೊನೆಯಲ್ಲ, ತಪ್ಪಾಗಿ ಕೂಡಿದ್ದೂ ಒಂದು ರೋಗವೇ ಎಂಬ ತಿಳಿವಳಿಕೆ ಈ ಪರಂಪರೆಯೊಳಗೇ ಇತ್ತು.

ಜನಪದದಲ್ಲಿ ಉಳಿದದ್ದು, ಅಳಿದದ್ದು

ಗ್ರಂಥದ ಈ ವಿಧಿಗಳಲ್ಲಿ ಯಾವುವು ಜನಪದ ಆಚರಣೆಯಲ್ಲಿ ಉಳಿದವು ಎಂಬುದು ಕುತೂಹಲಕರವಾದ ಪ್ರಶ್ನೆ. ಬಿದಿರಿನ ದಬ್ಬೆ ಉಳಿಯಿತು. ಗೊತ್ತಾದ ದಿನಕ್ಕೆ ಕಟ್ಟನ್ನು ಬದಲಿಸುವ ಪದ್ಧತಿ ಉಳಿಯಿತು. ‘ಅಸ್ಥಿಶೃಂಖಲಾ’ ಎಂದು ಸಂಸ್ಕೃತದಲ್ಲಿಯೂ ‘ಹಡ್‌ಜೋಡ್’ ಎಂದು ಹಿಂದಿ-ಉರ್ದುವಿನಲ್ಲಿಯೂ ಹೆಸರಾದ, ಕನ್ನಡದ ಮಂಗರವಳ್ಳಿ ಉಳಿಯಿತು. ಗೆಣ್ಣುಗೆಣ್ಣಾಗಿ ಬೆಳೆದು ಸರಪಳಿಯಂತೆ ಕಾಣುವ ಈ ಬಳ್ಳಿಯ ಆಕಾರವೇ ಅದರ ಗುಣವನ್ನು ಸೂಚಿಸುತ್ತದೆಂಬ ನಂಬಿಕೆ ಸಾದೃಶ್ಯ ತತ್ತ್ವಕ್ಕೆ ಒಳ್ಳೆಯ ನಿದರ್ಶನ. ಕೋಳಿಮೊಟ್ಟೆಯ ಬಿಳಿ ಲೋಳೆ ಮತ್ತು ಉದ್ದಿನ ಹಿಟ್ಟನ್ನು ಬಟ್ಟೆಗೆ ಮೆತ್ತಿ ಸುತ್ತುವ ಕ್ರಮ ದಕ್ಷಿಣ ಭಾರತದ ಹಲವೆಡೆ ಇದೆ. ಒಣಗಿದ ಮೇಲೆ ಅದು ಗಟ್ಟಿಯಾಗಿ ಕೈಯನ್ನು ಅಲುಗದಂತೆ ಹಿಡಿಯುತ್ತದೆ. ಉದ್ದು ಬೀದರ ಸೀಮೆಯ ಮುಂಗಾರಿನ ಮುಖ್ಯ ಬೆಳೆಗಳಲ್ಲೊಂದು. ಕಟ್ಟಿಗೆ ಬೇಕಾದ ಸಾಮಗ್ರಿ ಮನೆಯ ಗಡಿಗೆಯಲ್ಲಿಯೇ ಸಿಗುವಂತಹುದು.

ವಿದ್ಯೆಯ ವಾರಸುದಾರಿಕೆ ಎರಡು ದಾರಿಗಳಲ್ಲಿ ಸಾಗಿದೆ. ಒಂದು, ತಂದೆಯಿಂದ ಮಗನಿಗೆ ಇಳಿಯುವ ಮನೆತನದ ದಾರಿ. ಚಿತ್ತೂರು ಸೀಮೆಯ ಪುತ್ತೂರಿನ ಕಟ್ಟು ಇದಕ್ಕೆ ದಕ್ಷಿಣ ಭಾರತದಲ್ಲೆಲ್ಲ ಹೆಸರಾದ ಉದಾಹರಣೆ. ಇನ್ನೊಂದು, ತಾಲೀಮಿನ ದಾರಿ. ಬೀದರ, ಕಲಬುರಗಿ, ಸೊಲ್ಲಾಪುರಗಳ ಕುಸ್ತಿಯ ಪರಂಪರೆಯಲ್ಲಿ ಉಸ್ತಾದನು ಪಟ್ಟುಗಳನ್ನು ಕಲಿಸುವವನು ಮಾತ್ರವಲ್ಲ. ತಪ್ಪಿದ ಕೀಲನ್ನು ಕೂಡಿಸುವವನೂ, ಉಳುಕನ್ನು ತಿಕ್ಕಿ ಇಳಿಸುವವನೂ ಆಗಿದ್ದಾನೆ. ಅವನ ಬೆರಳುಗಳ ಜ್ಞಾನವು ಸಾವಿರಾರು ಪ್ರಾಯದ ದೇಹಗಳನ್ನು ಮುಟ್ಟಿ ಗಳಿಸಿದ್ದು.

ಆದರೆ ತಪ್ಪಾಗಿ ಕೂಡಿದ್ದನ್ನು ಮತ್ತೆ ಮುರಿದು ಸರಿಪಡಿಸುವ ವಿಧಿ ಜನಪದದಲ್ಲಿ ಬಹುಮಟ್ಟಿಗೆ ಹಿಂದೆ ಸರಿಯಿತು. ಇದಕ್ಕೆ ಕಾರಣ ಅಜ್ಞಾನವೆಂದು ಹೇಳಿಬಿಡುವುದು ಸರಿಯಲ್ಲ. ನೋವನ್ನು ಮರೆಸುವ ಔಷಧವಿಲ್ಲದ ಕಾಲದಲ್ಲಿ, ಅಳು ನಿಲ್ಲಿಸಿ ಆಟಕ್ಕೆ ಮರಳಿದ ಮಗುವಿನ ಕೈಯನ್ನು ಮತ್ತೆ ಮುರಿಯಲು ಯಾವ ತಾಯಿಯೂ ಒಪ್ಪಲಾರಳು. ಮೊಣಕೈಯ ಬಳಿ ಬರಿಗೈಯಿಂದ ಮುರಿದರೆ ಬೇಕಾದ ಸ್ಥಳದಲ್ಲಿಯೇ ಮುರಿಯುತ್ತದೆಂಬ ಭರವಸೆಯೂ ಇಲ್ಲ. ಹೀಗಾಗಿ ‘ಕೂಡಿತು’ ಎಂಬುದೇ ಗುಣವಾದುದರ ಅಳತೆಗೋಲಾಯಿತು. ‘ನೆಟ್ಟಗಾಯಿತು’ ಎಂಬ ಅಳತೆ ಮರೆಗೆ ಸರಿಯಿತು.

ಮೊಣಕೈ ಏಕೆ ಕ್ಷಮಿಸುವುದಿಲ್ಲ

ಎಲುಬು ಕಟ್ಟುವವನ ಕೀರ್ತಿ ಸುಳ್ಳಲ್ಲ. ಅದಕ್ಕೆ ಮಗುವಿನ ದೇಹವೇ ಸಾಕ್ಷಿ. ಬೆಳೆಯುವ ಎಲುಬಿಗೆ ತನ್ನ ಸೊಟ್ಟವನ್ನು ತಾನೇ ತಿದ್ದಿಕೊಳ್ಳುವ ಶಕ್ತಿಯಿದೆ. ಮುಂಗೈ ಎಲುಬು ಮಣಿಕಟ್ಟಿನ ಹತ್ತಿರ ಮುರಿದು ತುಸು ಬಾಗಿ ಕೂಡಿದರೂ ಒಂದೆರಡು ವರ್ಷಗಳಲ್ಲಿ ಗುರುತು ಸಿಗದಷ್ಟು ನೆಟ್ಟಗಾಗುವುದುಂಟು. ಕೊರಳೆಲುಬಿನ ವಿಷಯವೂ ಹಾಗೆಯೇ. ಇಂತಹ ಪ್ರತಿಯೊಂದು ಮಗುವೂ ಕಟ್ಟಿದವನ ಕೈಗುಣಕ್ಕೆ ನಡೆದಾಡುವ ಪ್ರಮಾಣಪತ್ರವಾಗುತ್ತದೆ.

ಮೊಣಕೈಯ ಮೇಲಿನ ಮುರಿತಕ್ಕೆ ಈ ಸೌಲಭ್ಯವಿಲ್ಲ. ತೋಳಿನ ಎಲುಬಿನ ಉದ್ದದ ಬೆಳವಣಿಗೆಯಲ್ಲಿ ಸುಮಾರು ಶೇ. 80ರಷ್ಟು ಭುಜದ ತುದಿಯಲ್ಲಿ ನಡೆಯುತ್ತದೆ. ಮೊಣಕೈಯ ತುದಿಯ ಪಾಲು ಸುಮಾರು ಶೇ. 20 ಮಾತ್ರ. ಅಲ್ಲದೆ ಎಲುಬು ತನ್ನನ್ನು ತಿದ್ದಿಕೊಳ್ಳುವುದು ಮುಖ್ಯವಾಗಿ ಕೀಲು ಆಡುವ ದಿಕ್ಕಿನಲ್ಲಿ. ಮೊಣಕೈ ಹಿಂದೆ ಮುಂದೆ ಆಡುತ್ತದೆಯೇ ಹೊರತು ಪಕ್ಕಕ್ಕೆ ಆಡುವುದಿಲ್ಲ. ಆದ್ದರಿಂದ ಪಕ್ಕಕ್ಕೆ ವಾಲಿ ಕೂಡಿದ ತುಂಡು ಹಾಗೆಯೇ ಉಳಿಯುತ್ತದೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಗೆ ಇಲ್ಲಿ ತಿರುವು ಮುರುವಾದ ಅರ್ಥ ಬರುತ್ತದೆ: ಗಿಡವಾಗಿದ್ದಾಗ ಬಗ್ಗಿದ್ದು ಮರವಾದಾಗಲೂ ಬಗ್ಗಿಯೇ ಇರುತ್ತದೆ.

ಅಂಗೈಯನ್ನು ಮುಂದಕ್ಕೆ ತಿರುಗಿಸಿ ಕೈಯನ್ನು ಇಳಿಬಿಟ್ಟರೆ ಮುಂಗೈ ಸಹಜವಾಗಿ 5ರಿಂದ 15 ಡಿಗ್ರಿಗಳಷ್ಟು ದೇಹದಿಂದ ಹೊರಕ್ಕೆ ಓರೆಯಾಗಿರುತ್ತದೆ. ಮುರಿದ ತುಂಡು ಒಳಗಡೆಗೆ ವಾಲಿ ಕೂಡಿದಾಗ ಈ ಓರೆ ಅಳಿದು, ಮುಂಗೈ ದೇಹದ ಕಡೆಗೆ ತಿರುಗಿ, ಮೊಣಕೈ ಹೊರಕ್ಕೆ ಉಬ್ಬುತ್ತದೆ. ಬಂದೂಕಿನ ಮರದ ಹಿಡಿಯನ್ನು ಹೋಲುವ ಈ ವಿಕಾರಕ್ಕೆ ಕ್ಯೂಬಿಟಸ್ ವೇರಸ್ ಎಂದು ಹೆಸರು. ಬೆಳವಣಿಗೆ ಕುಂಠಿತವಾದುದರಿಂದ ಹೀಗಾಗುತ್ತದೆಂಬ ಅಭಿಪ್ರಾಯ ಒಮ್ಮೆ ಪ್ರಚಲಿತವಾಗಿತ್ತು. ಬಹುತೇಕ ಪ್ರಸಂಗಗಳಲ್ಲಿ ತುಂಡು ವಾಲಿ ಕೂಡಿದ್ದೇ ಕಾರಣವೆಂಬುದು ನಂತರ ಖಚಿತವಾಯಿತು.

ಈ ವಿಕಾರದ ಇನ್ನೊಂದು ಸ್ವಭಾವವು ಜನಪದ ನಂಬಿಕೆಯ ಅಧ್ಯಯನಕ್ಕೆ ಮುಖ್ಯವಾದುದು. ಮೊಣಕೈ ಮಡಚಿರುವಷ್ಟು ಕಾಲ ವಾಲಿಕೆ ಕಣ್ಣಿಗೆ ಬೀಳುವುದಿಲ್ಲ. ಕಟ್ಟು ಬಿಚ್ಚಿದ ದಿನ ಕೈ ಬಿಗಿದುಕೊಂಡು ಮಡಚಿಯೇ ಇರುತ್ತದೆ. ವಾರಗಳು ಕಳೆದು ಕೈ ಪೂರ್ತಿ ಚಾಚಿದಾಗಲೇ ಸೊಟ್ಟ ಕಾಣುತ್ತದೆ. ಅಷ್ಟರಲ್ಲಿ ಕಟ್ಟಿದವನಿಗೆ ಸಲ್ಲಬೇಕಾದ ತೆಂಗಿನಕಾಯಿ, ಕಾಣಿಕೆ ಸಂದಿರುತ್ತವೆ; ಸೊಟ್ಟವು ಮಗುವಿನ ಹಣೆಬರಹಕ್ಕೆ ಸೇರುತ್ತದೆ. ಆಸ್ಪತ್ರೆಯ ಪ್ಲಾಸ್ಟರಿನಲ್ಲಿಯೂ ಇದೇ ವಿಕಾರ ಉಂಟಾಗಬಲ್ಲದು ಎಂಬುದನ್ನು ಇಲ್ಲಿ ಮರೆಯಬಾರದು. ಹೊರಗಿನಿಂದ ಸುತ್ತುವ ಯಾವ ಕಟ್ಟಿಗಾದರೂ ಈ ಸಣ್ಣ ತುಂಡನ್ನು ವಾಲದಂತೆ ಹಿಡಿಯುವುದು ಕಷ್ಟ.

ಕಟ್ಟಿನ ಬಿಗಿ ಮತ್ತು ತಿಕ್ಕುವ ಕೈ

ಸೊಟ್ಟಕ್ಕಿಂತ ಭೀಕರವಾದ ಅಪಾಯವೂ ಇದೇ ಸ್ಥಳದಲ್ಲಿದೆ. ತೋಳಿನ ಮುಖ್ಯ ರಕ್ತನಾಳ ಮುರಿದ ಎಲುಬಿನ ಚೂಪಾದ ಅಂಚಿನ ಮುಂದೆಯೇ ಹಾದುಹೋಗುತ್ತದೆ. ಮೊಣಕೈ ಬೇಗನೆ ಊದಿಕೊಳ್ಳುತ್ತದೆ. ಊತದ ಮೇಲೆ ಬಿಗಿಯಾದ ಕಟ್ಟು ಬಿದ್ದರೆ ಮುಂಗೈಯ ಸ್ನಾಯುಗಳಿಗೆ ರಕ್ತ ತಲುಪದೆ, ಕೆಲವೇ ಗಂಟೆಗಳಲ್ಲಿ ಅವು ಸಾಯತೊಡಗುತ್ತವೆ. ಮುಂದೆ ಬೆರಳುಗಳು ಹಕ್ಕಿಯ ಉಗುರಿನಂತೆ ಮುರುಟಿಕೊಳ್ಳುತ್ತವೆ. ಜರ್ಮನಿಯ ರಿಚರ್ಡ್ ಫಾನ್ ಫೋಕ್ಮನ್ 1881ರಲ್ಲಿ ಇದನ್ನು ಬಿಗಿಕಟ್ಟಿಗೆ ಸಂಬಂಧಿಸಿ ವಿವರಿಸಿದನು. ಸುಶ್ರುತನ ‘ಬಿಗಿಯೂ ಅಲ್ಲದ ಸಡಿಲವೂ ಅಲ್ಲದ’ ಹದ ಯಾವ ಅನುಭವದಿಂದ ಹುಟ್ಟಿರಬಹುದು ಎಂಬುದಕ್ಕೆ ಈ ವಿವರಣೆ ಬೆಳಕು ಚೆಲ್ಲುತ್ತದೆ.

ತಿಕ್ಕುವಿಕೆಯ ವಿಷಯವೂ ಇಷ್ಟೇ ಸೂಕ್ಷ್ಮವಾದುದು. ಮೊಣಕೈ ಕೀಲು ತಪ್ಪಿದಾಗ ಹೆಬ್ಬೆರಳಿನಿಂದ ನೀವಿ, ಒತ್ತಿ, ಚಾಚಿ ಮಡಚಿ, ಎಣ್ಣೆ ಹಾಕಬೇಕೆಂದು ಸುಶ್ರುತ ಹೇಳಿದ್ದಾನೆ. ಅದು ಕೀಲು ತಪ್ಪಿದುದಕ್ಕೆ ಹೇಳಿದ ವಿಧಿ, ಎಲುಬು ಮುರಿದುದಕ್ಕಲ್ಲ. ಆದರೆ ಊದಿದ ಮೊಣಕೈಯಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಮೊಣಕೈಯ ಹಿಂದಿನ ಮೊನೆ ಹಾಗೂ ಎರಡು ಪಕ್ಕದ ಗುಬ್ಬಿಗಳು ತಮ್ಮ ಪರಸ್ಪರ ಸ್ಥಾನ ಬಿಟ್ಟಿದ್ದರೆ ಕೀಲು ತಪ್ಪಿದೆ; ಬಿಡದಿದ್ದರೆ ಮುರಿತ ಅದರ ಮೇಲಿದೆ ಎಂಬುದು ಇಂದಿನ ವೈದ್ಯ ವಿದ್ಯಾರ್ಥಿ ಕಲಿಯುವ ಪರೀಕ್ಷೆ. ಈ ಭೇದ ತಿಳಿಯದೆ ಮುರಿದ ಮೊಣಕೈಯನ್ನು ತಿಕ್ಕಿದರೆ ಸ್ನಾಯುವಿನೊಳಗೆ ಎಲುಬು ಬೆಳೆದು ಕೀಲು ಮರಗಟ್ಟುವುದುಂಟು. ತಾಲೀಮಿನ ಪೈಲ್ವಾನನ ಉಳುಕಿಗೆ ಒಪ್ಪುವ ಕೈ, ಆರು ವರ್ಷದ ಮಗುವಿನ ಮೊಣಕೈಗೆ ಒಪ್ಪುವುದಿಲ್ಲ.

ಬೆಣೆ ತೆಗೆದು ನೆಟ್ಟಗೆ ಮಾಡುವ ವಿದ್ಯೆ

ಆಧುನಿಕ ಎಲುಬು ವೈದ್ಯದ ಹೆಸರೇ ಮಗುವಿನಿಂದ ಹುಟ್ಟಿದ್ದು. ಫ್ರಾನ್ಸಿನ ನಿಕೊಲಾ ಆಂಡ್ರಿ 1741ರಲ್ಲಿ ಪ್ರಕಟಿಸಿದ ಗ್ರಂಥಕ್ಕಾಗಿ ‘ನೆಟ್ಟಗೆ’ ಮತ್ತು ‘ಮಗು’ ಎಂಬರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಆರ್ಥೊಪೀಡಿಕ್ಸ್ ಎಂಬ ಮಾತಿನ ಮೂಲರೂಪವನ್ನು ರಚಿಸಿದನು. ಸೊಟ್ಟ ಸಸಿಯನ್ನು ಗೂಟಕ್ಕೆ ಕಟ್ಟಿದ ಅವನ ಚಿತ್ರ ಇಂದಿಗೂ ಈ ವಿದ್ಯೆಯ ಲಾಂಛನವಾಗಿದೆ. 1850ರ ದಶಕದ ಆರಂಭದಲ್ಲಿ ಡಚ್ ಸೇನೆಯ ಮಾಥೈಸನ್ ಪ್ಲಾಸ್ಟರ್ ಪಟ್ಟಿಯನ್ನು ಬಳಕೆಗೆ ತಂದನು. 1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಕ್ಷಕಿರಣವು ಚರ್ಮದೊಳಗಿನ ವಾಲಿಕೆಯನ್ನು ಕಣ್ಣಿಗೆ ತೋರಿಸಿತು. 1929ರಲ್ಲಿ ಬೌಮನ್ ಮಗುವಿನ ಮೊಣಕೈಯ ಕ್ಷಕಿರಣ ಚಿತ್ರದಲ್ಲಿ ಅಳೆಯಬಹುದಾದ ಕೋನವೊಂದನ್ನು ಗುರುತಿಸಿದನು. ಕೈ ಮಡಚಿರುವಾಗಲೇ ಸೊಟ್ಟವನ್ನು ಊಹಿಸಲು ಇದರಿಂದ ಸಾಧ್ಯವಾಯಿತು.

ಎಲುಬನ್ನು ಕೊಯ್ಯಲು ನೋವಿಲ್ಲದ ನಿದ್ರೆ ಬೇಕು. ಈ ಚರಿತ್ರೆಯಲ್ಲಿ ಬೀದರ ಸೀಮೆ ಸೇರಿದ್ದ ಹೈದರಾಬಾದು ಸಂಸ್ಥಾನಕ್ಕೆ ಸ್ಥಾನವಿದೆ. ನಿಜಾಮನ ಆಶ್ರಯದಲ್ಲಿ, ಎಡ್ವರ್ಡ್ ಲಾರಿಯ ನೇತೃತ್ವದಲ್ಲಿ 1888 ಮತ್ತು 1889ರಲ್ಲಿ ನಡೆದ ಎರಡು ಹೈದರಾಬಾದು ಕ್ಲೋರೊಫಾರ್ಮ್ ಆಯೋಗಗಳು ಆ ಔಷಧದ ಸುರಕ್ಷತೆಯನ್ನು ಪರೀಕ್ಷಿಸಿ ವಿಶ್ವದ ಗಮನ ಸೆಳೆದವು.

ಸೊಟ್ಟ ಮೊಣಕೈಯನ್ನು ತಿದ್ದುವ ಶಸ್ತ್ರಚಿಕಿತ್ಸೆ 20ನೆಯ ಶತಮಾನದ ಮಧ್ಯಭಾಗದಲ್ಲಿ ಖಚಿತ ರೂಪ ಪಡೆಯಿತು. 1951ರಲ್ಲಿ ಕಿಂಗ್ ಮತ್ತು ಸೆಕಾರ್ ಎಲುಬಿನ ಒಳಬದಿಯನ್ನು ಕೊಯ್ದು ತೆರೆಯುವ ವಿಧಾನವನ್ನು ವಿವರಿಸಿದರು. 1959ರಲ್ಲಿ ಇಂಗ್ಲೆಂಡಿನ ಫ್ರೆಂಚ್ ಎಂಬ ಶಸ್ತ್ರವೈದ್ಯನು ಹೊರಬದಿಯಿಂದ ಬೆಣೆಯಾಕಾರದ ತುಂಡನ್ನು ತೆಗೆದು, ಎರಡು ತಿರುಪು ಹಾಗೂ ತಂತಿಯಿಂದ ಬಂಧಿಸುವ ಕ್ರಮವನ್ನು ಪ್ರಕಟಿಸಿದನು. ಕೆಲವು ಮಾರ್ಪಾಡುಗಳೊಡನೆ ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವುದು ಇದೇ ತತ್ತ್ವ. 1988ರಲ್ಲಿ ಭಾರತೀಯ ವೈದ್ಯ ಕನೌಜಿಯಾ ಮತ್ತು ಸಂಗಡಿಗರು ಕಮಾನಿನಾಕಾರದಲ್ಲಿ ಎಲುಬನ್ನು ಕೊಯ್ದು ತಿರುಗಿಸುವ ಕ್ರಮವನ್ನು ವರದಿ ಮಾಡಿದರು. ಬೆಣೆ ತೆಗೆದಾಗ ಮೊಣಕೈಯ ಹೊರಬದಿಯಲ್ಲಿ ಉಳಿಯಬಹುದಾದ ಉಬ್ಬನ್ನು ತಪ್ಪಿಸುವುದು ಇದರ ಉದ್ದೇಶ.

ಬೆಣೆಯ ಲೆಕ್ಕ ಬಡಗಿಯ ಲೆಕ್ಕದಷ್ಟೇ ನೇರವಾದುದು. ಗಾಯಗೊಂಡ ಕೈ 15 ಡಿಗ್ರಿ ಒಳಕ್ಕೆ ವಾಲಿದ್ದು, ಸರಿಯಾದ ಕೈ 10 ಡಿಗ್ರಿ ಹೊರಕ್ಕೆ ಓರೆಯಾಗಿದ್ದರೆ, ತೆಗೆಯಬೇಕಾದ ಬೆಣೆ 25 ಡಿಗ್ರಿಯದು. ಮಗುವಿನ ಇನ್ನೊಂದು ಕೈಯೇ ಇಲ್ಲಿ ಮಾದರಿ. ಬೆಣೆ ತೆಗೆದು ಅಂಚುಗಳನ್ನು ಕೂಡಿಸಿ, ತಂತಿ, ತಿರುಪು ಅಥವಾ ಪಟ್ಟಿಯಿಂದ ಬಂಧಿಸಿ, ಅಗತ್ಯವಿದ್ದರೆ ಕೆಲವು ವಾರ ಪ್ಲಾಸ್ಟರ್ ಹಾಕಲಾಗುತ್ತದೆ. ಕೂಡಿದ್ದನ್ನು ಮತ್ತೆ ಬೇರ್ಪಡಿಸಿ ಹೊಸ ಮುರಿತದಂತೆ ನೋಡಿಕೊಳ್ಳುವ ಸುಶ್ರುತನ ವಿಧಿಯ ಆಶಯ ಉಳಿದುಕೊಂಡಿದೆ. ಎಲ್ಲಿ, ಎಷ್ಟು ಎಂಬ ನಿಖರತೆ ಹೊಸದಾಗಿ ಸೇರಿದೆ. ಇದು ಅಪಾಯವಿಲ್ಲದ ಚಿಕಿತ್ಸೆಯೇನೂ ಅಲ್ಲ. ಮೊಣಕೈಯ ಒಳಬದಿಯ ನರಕ್ಕೆ ಪೆಟ್ಟಾಗುವುದು, ಬಂಧ ಸಡಿಲಗೊಂಡು ಸೊಟ್ಟ ಮರುಕಳಿಸುವುದು, ಗಾಯದ ಕಲೆ ಉಳಿಯುವುದು ಇವೆಲ್ಲ ದಾಖಲಾಗಿವೆ.

ಸೊಟ್ಟ ಮೊಣಕೈ ಬಹುಮಟ್ಟಿಗೆ ಮಡಚುತ್ತದೆ, ಚಾಚುತ್ತದೆ, ದುಡಿಯುತ್ತದೆ. ಹೀಗಾಗಿ ಇದು ಕೇವಲ ಅಂದದ ಪ್ರಶ್ನೆಯೆಂದು ವೈದ್ಯರೂ ಬಹುಕಾಲ ಭಾವಿಸಿದ್ದರು. ಆದರೆ ವರ್ಷಗಳ ನಂತರ ಒಳಬದಿಯ ನರ ಸೊರಗಿ ಕಿರುಬೆರಳು ಜೋಮು ಹಿಡಿಯುವುದು, ಕೀಲು ಸಡಿಲಗೊಳ್ಳುವುದು, ಅದೇ ಕೈ ಮತ್ತೆ ಮುರಿಯುವುದು ಮುಂತಾದ ತೊಂದರೆಗಳು ನಂತರದ ಅಧ್ಯಯನಗಳಿಂದ ತಿಳಿದುಬಂದಿವೆ. ಅಂದದ ಪ್ರಶ್ನೆಯೂ ಹಳ್ಳಿಯಲ್ಲಿ ಹಗುರವಾದುದಲ್ಲ. ಬಳೆ ತೊಡಿಸುವಾಗ, ಹೆಣ್ಣು ನೋಡುವ ಶಾಸ್ತ್ರದಲ್ಲಿ ಎಲ್ಲರ ಕಣ್ಣೂ ಕೈಯ ಮೇಲೆ ಬೀಳುತ್ತದೆ. ಶಾಲೆಯಲ್ಲಿ ಅಂಗವಿಕಾರವೇ ಅಡ್ಡಹೆಸರಾಗುತ್ತದೆ.

ಹೆದ್ದಾರಿಯ ದಾರಿ

ಹುಡಗಿಯಂತಹ ಊರಿನ ಮಗುವಿಗೆ ಈ ಚಿಕಿತ್ಸೆ ಎಲ್ಲಿ ದೊರೆಯುತ್ತಿತ್ತು ಎಂಬುದು ರಾಜಕೀಯ ಚರಿತ್ರೆಯನ್ನೂ ಅವಲಂಬಿಸಿದೆ. 1948ರವರೆಗೆ ಬೀದರವು ನಿಜಾಮನ ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಗಡಿ ಬದಲಾದರೂ ರೋಗಿಯ ದಾರಿ ಬದಲಾಗಲಿಲ್ಲ. ಅದು ಹೈದರಾಬಾದಿನ ಕಡೆಗೇ ಸಾಗಿತು. ಅಲ್ಲಿ 1964ರಲ್ಲಿ ಆರಂಭವಾದ ನಿಜಾಮ್ ಎಲುಬು ಆಸ್ಪತ್ರೆಯೇ ಮುಂದೆ ನಿಮ್ಸ್ ಎಂದು ಹೆಸರಾದ ಸಂಸ್ಥೆಯಾಗಿ ಬೆಳೆಯಿತು. 1963ರಲ್ಲಿ ಕಲಬುರಗಿಯ ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಮಹಾವಿದ್ಯಾಲಯ ಹಾಗೂ ಸೊಲ್ಲಾಪುರದ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾದುವು. ಬೀದರದಲ್ಲಿಯೇ ಸರಕಾರಿ ವೈದ್ಯಕೀಯ ಸಂಸ್ಥೆ ಬಂದದ್ದು 21ನೆಯ ಶತಮಾನದ ಮೊದಲ ದಶಕದಲ್ಲಿ. 2017ರಲ್ಲಿ ಬೀದರ–ಕಲಬುರಗಿ ರೈಲು ಹುಮನಾಬಾದದ ಮೂಲಕ ಓಡತೊಡಗಿತು.

ಇದೇ ಅವಧಿಯಲ್ಲಿ ಚಿಕಿತ್ಸೆಯ ಗುರಿಯೂ ಬದಲಾಯಿತು. 1948ರಲ್ಲಿ ಸ್ವೆನ್‌ಸನ್, 1974ರಲ್ಲಿ ಫ್ಲಿನ್ ಮತ್ತು ಸಂಗಡಿಗರು ವಿವರಿಸಿದಂತೆ, ಮುರಿತವನ್ನು ಕೂಡಿಸಿದ ಕೂಡಲೇ ಚರ್ಮದ ಮೂಲಕ ತೆಳುವಾದ ತಂತಿಗಳನ್ನು ಹಾಯಿಸಿ ತುಂಡು ವಾಲದಂತೆ ಹಿಡಿಯುವ ಕ್ರಮ ವ್ಯಾಪಕವಾಯಿತು. ಮೂರು ನಾಲ್ಕು ವಾರಗಳಲ್ಲಿ ತಂತಿಗಳನ್ನು ಎಳೆದು ತೆಗೆಯಲಾಗುತ್ತದೆ. ಈ ಚಿಕಿತ್ಸೆ ಸಕಾಲದಲ್ಲಿ ದೊರೆತಲ್ಲಿ ಸೊಟ್ಟ ಮೊಣಕೈ ಅಪರೂಪವಾಗಿದೆ. ತಿದ್ದುವ ಶಸ್ತ್ರಚಿಕಿತ್ಸೆಯ ಅಗತ್ಯ ಉಳಿದಿರುವುದು ಮುಖ್ಯವಾಗಿ ಆಸ್ಪತ್ರೆಗೆ ತಡವಾಗಿ ತಲುಪುವ ಮಕ್ಕಳಿಗೆ. ಸಾಲ, ಕೂಲಿಯ ನಷ್ಟ, ದೂರ, ಕೊಯ್ಯುತ್ತಾರೆಂಬ ಭಯ ಇವು ತಡಕ್ಕೆ ಕಾರಣಗಳು. ನಡುರಾತ್ರಿಯಲ್ಲಿಯೂ ಬಾಗಿಲು ತೆರೆಯುವ, ಪರಿಚಿತ ನುಡಿಯಲ್ಲಿ ಧೈರ್ಯ ಹೇಳುವ ಎಲುಬು ಕಟ್ಟುವವನ ಆಪ್ತತೆಯೂ ಒಂದು ಕಾರಣ.

ಸಮಾರೋಪ

ಜನಪದ ವೈದ್ಯದ ಅಧ್ಯಯನಗಳು ಬಹುಮಟ್ಟಿಗೆ ಗುಣವಾದ ಪ್ರಸಂಗಗಳನ್ನು ಸಂಗ್ರಹಿಸಿವೆ. ಮೂಲಿಕೆಗಳ ಪಟ್ಟಿ, ವಂಶಾವಳಿ, ಕಟ್ಟುವಾಗಿನ ವಿಧಿನಿಷೇಧಗಳು ದಾಖಲಾಗಿವೆ. ಕಟ್ಟು ಬಿಚ್ಚಿದ ಒಂದು ವರ್ಷದ ನಂತರ ಆ ಮಗುವಿನ ಕೈ ಹೇಗಿತ್ತು ಎಂಬುದನ್ನು ದಾಖಲಿಸುವ ಕೆಲಸ ಆಗಬೇಕಾಗಿದೆ. ಸೊಟ್ಟ ಮೊಣಕೈಯ ಚರಿತ್ರೆ ತೋರಿಸಿಕೊಡುವಂತೆ, ಒಂದು ವಿದ್ಯೆಯ ಸತ್ವವೂ ಮಿತಿಯೂ ಒಂದೇ ದೇಹದಲ್ಲಿ ಬೇರೆ ಬೇರೆ ಎಲುಬುಗಳಲ್ಲಿ ಕಾಣಿಸಿಕೊಳ್ಳಬಲ್ಲವು. ಮಣಿಕಟ್ಟಿನಲ್ಲಿ ಗೆದ್ದ ಕೈ ಮೊಣಕೈಯಲ್ಲಿ ಸೋಲಬಹುದು. ಆ ಸೋಲಿಗೆ ಕಾರಣ ಕಟ್ಟಿದವನ ಕೈಗುಣವಲ್ಲ, ಎಲುಬು ಬೆಳೆಯುವ ಬಗೆ.

ಈ ಅರಿವು ಎಲುಬು ಕಟ್ಟುವವನನ್ನು ತಳ್ಳಿಹಾಕಲು ಬಳಕೆಯಾಗಬೇಕಿಲ್ಲ. ಹಳ್ಳಿಯಲ್ಲಿ ಬಿದ್ದ ಮಗುವನ್ನು ಹಲವೊಮ್ಮೆ ಮೊದಲು ನೋಡುವವನು ಅವನೇ. ಊದಿದ ಮೊಣಕೈಯನ್ನು ತಿಕ್ಕದೆ, ಬಿಗಿಯದೆ, ಇರುವ ಸ್ಥಿತಿಯಲ್ಲಿಯೇ ದಬ್ಬೆಯ ಆಸರೆ ಕೊಟ್ಟು, ಬೆರಳುಗಳು ಬೆಚ್ಚಗಿವೆಯೇ, ಅಲುಗಾಡುತ್ತವೆಯೇ ಎಂದು ನೋಡಿ, ಅಂದೇ ಆಸ್ಪತ್ರೆಗೆ ಕಳುಹಿಸುವುದನ್ನು ಅವನು ತನ್ನ ವಿದ್ಯೆಯ ಭಾಗವಾಗಿಯೇ ಸ್ವೀಕರಿಸಲು ಅಡ್ಡಿಯಿಲ್ಲ. ಕಟ್ಟಿನ ಹದವನ್ನು ಕುರಿತ ಎಚ್ಚರ ಅವನ ಪರಂಪರೆಯ ಮೂಲಗ್ರಂಥದಲ್ಲಿಯೇ ಇದೆ. ಕಲ್ಯಾಣ ಸೀಮೆಯಲ್ಲಿ ಮುಂದೆ ನಡೆಯುವ ಕ್ಷೇತ್ರಕಾರ್ಯವು ತಾಲೀಮಿನ ಉಸ್ತಾದರನ್ನೂ, ಮನೆತನದ ವೈದ್ಯರನ್ನೂ, ಚಿಕಿತ್ಸೆ ಪಡೆದು ಬೆಳೆದ ಮಕ್ಕಳನ್ನೂ ಒಟ್ಟಿಗೆ ಮಾತನಾಡಿಸಿದಲ್ಲಿ ಈ ಪರಂಪರೆಯ ಪೂರ್ಣ ಚಿತ್ರ ದೊರೆತೀತು. ಕೆಲವು ಮಕ್ಕಳ ಕೈಯೂ ಉಳಿದೀತು.